ಅರ್ಧ ಗಂಟೆ ಕೆಲಸ

ಆ ದಿನ ಕಚೇರಿಯಲ್ಲಿ ಲಕ್ಕಯ್ಯನಿಗೆ ಹೊಸ ಮೇಜು ಸಿಕ್ಕದೇ ಹೋಗಿದ್ದರೆ ಅವನ ಸಂಸಾರ ನೆಟ್ಟಗಿರುತ್ತಿತ್ತು. ಹೊಸ ಮೇಜು ಸಿಕ್ಕ ಗುಮಾಸ್ತನ ನಾಲಿಗೆಗೆ ಲಗಾಮಿರುವುದಿಲ್ಲ. ರಾತ್ರಿ ಊಟಕ್ಕೆ ಕೂತವನು ಮುದ್ದೆ ಮುರಿದ. ಒಳಗೆ ಕಡಲೆಕಾಳಿನಷ್ಟು ಒಂದು ಗಂಟು ಸಿಕ್ಕಿತು. ಅದನ್ನು ತೆಗೆದು ತಟ್ಟೆಯ ಅಂಚಿಗಿಟ್ಟು, ಮಹಜರು ಬರೆಯುವವನ ಗತ್ತಿನಲ್ಲಿ ಹೆಂಡತಿಗೆ ತೋರಿಸಿದ.

"ಬೆಳಿಗ್ಗೆಯಿಂದ ಸಂಜೆವರೆಗೂ ಒಲೆ ಮುಂದೆ ಕೂತು ಅದೇನು ಮಾಡ್ತೀಯೋ ನಾ ಕಾಣೆ. ಮುದ್ದೆ, ಎಸರು, ಎರಡೂ ಸೇರಿ ಅರ್ಧ ಗಂಟೆ ಕೆಲಸ," ಅಂದ.

ಬೆಳ್ಳಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಎಸರು ಬಿಟ್ಟಳು. ಗಂಡಸಾದವನು ಅಲ್ಲಿಗೆ ನಿಲ್ಲಿಸಬೇಕು. ಇವನು ನಿಲ್ಲಿಸಲಿಲ್ಲ. ಮುದ್ದೆ ಕಟ್ಟಿದ ಮೇಲೆ ಅದರ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಒಂದು ಗುಳಿ ಮಾಡುವುದು ಅವಳ ಅಭ್ಯಾಸ. ಅದರಲ್ಲಿ ತುಪ್ಪ ನಿಲ್ಲಲಿ ಅಂತ. ಲಕ್ಕಯ್ಯ ಆ ಗುಳಿಯ ಕಡೆ ಬೆರಳು ತೋರಿಸಿ, ಗುಂಡಗಿರುವ ಮುದ್ದೆಗೆ ಇದೊಂದು ಹೊಂಡ ಯಾಕೆ, ಅಕ್ಷರ ಬರದವರಿಗೆ ಸಿಕ್ಕಿದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತುವ ಚಟ ಅಂತ ನಕ್ಕುಬಿಟ್ಟ.

ಮಾರನೆಯ ಬೆಳಿಗ್ಗೆ ಅವನು ಕಚೇರಿಗೆ ಹೊರಡುವ ಹೊತ್ತಿಗೆ ಅವಳು ತಗಡಿನ ಪೆಟ್ಟಿಗೆ ಹಿಡಿದು ತನ್ನ ತವರೂರು ಕಟ್ಟಾಯದ ಬಸ್ಸಿಗೆ ಹೊರಟಿದ್ದಳು. "ಅರ್ಧ ಗಂಟೆ ತಾನೆ, ಮಾಡ್ಕೊಂಡು ಉಣ್ಣಿ," ಅಂದಳು. ಅಷ್ಟೇ ಅಂದದ್ದು.

ಲಕ್ಕಯ್ಯನನ್ನು ಕುರಿತು ಇಷ್ಟು ತಿಳಿದರೆ ಸಾಕು. ಅವನು ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಳ್ಳಿಗಳಿಂದ ಬಂದವರ ಎಡ ಹೆಬ್ಬೆರಳನ್ನು ಮಸಿಯ ಮೇಲೆ ಹೊರಳಿಸಿ, ಅರ್ಜಿಗೋ ಮಹಜರಿಗೋ ಒತ್ತಿಸಿಕೊಂಡು, ಪಕ್ಕದಲ್ಲಿ ಇದು ಇಂಥವರ ಹೆಬ್ಬೆಟ್ಟು ಅಂತ ಬರೆದು, ಕೆಳಗೆ ತಾನು ಉದ್ದವಾಗಿ ರುಜು ಎಳೆಯುವುದು ಅವನ ಕೆಲಸ. ಒಮ್ಮೆ ನೋಡಿದ ಹೆಬ್ಬೆಟ್ಟನ್ನು ಜನ್ಮದಲ್ಲಿ ಮರೆಯುವುದಿಲ್ಲ ಅಂತ ಕೊಚ್ಚಿಕೊಳ್ಳುತ್ತಿದ್ದ. ಪಟ್ಟಣಕ್ಕೆ ಬಂದ ಮೇಲೆ ಅವನು ಕಷ್ಟಪಟ್ಟು ಸಂಪಾದಿಸಿದ್ದು ಎರಡು. ಒಂದು ಫೌಂಟನ್ ಪೆನ್ನು, ಇನ್ನೊಂದು ಹಕಾರ. ಊರಿನಲ್ಲಿ 'ಆಸನಕ್ಕೆ ಓಗು' ಅನ್ನುತ್ತಿದ್ದವನು ಈಗ 'ಹಾಸನಕ್ಕೆ ಹೋಗು' ಅನ್ನುತ್ತಿದ್ದ. ಪೆನ್ನು ಎಂದೂ ಜೇಬಿನಿಂದ ಬೀಳುತ್ತಿರಲಿಲ್ಲ. ಹಕಾರ ಮಾತ್ರ ಹೆದರಿಕೆಯಾದಾಗಲೆಲ್ಲ ಬಿದ್ದುಹೋಗುತ್ತಿತ್ತು.

ಹನ್ನೆರಡು ದಿನ ಅವನು ಹೋಟೆಲ್ಲಿನಲ್ಲಿ ತಿಂದ. ಮೊದಲ ಎರಡು ದಿನ ಬಲು ಖುಷಿಯಿಂದ ತಿಂದ. ಆಮೇಲೆ ಇಡ್ಲಿ ಕಂಡರೆ ಹೊಟ್ಟೆ ಮುಖ ತಿರುಗಿಸಿಕೊಳ್ಳುತ್ತಿತ್ತು. ಸಂಜೆ ಮನೆಗೆ ಬಂದರೆ ಕಾಲಿಗೆ ನೀರು ಕೊಡುವವರಿಲ್ಲ, ಯಾಕೆ ತಡ ಅಂತ ಕೇಳುವವರಿಲ್ಲ. ಒಲೆ ತಣ್ಣಗೆ ಬೂದಿ ಹೊದ್ದು ಕೂತಿರುತ್ತಿತ್ತು. ಬೆಳ್ಳಮ್ಮ ಇಲ್ಲದೆ ಅವನಿಗೆ ನಿಜವಾಗಿಯೂ ದುಃಖವಾಗುತ್ತಿತ್ತು. ಆದರೆ ದುಃಖವಾಗುತ್ತದೆ ಅಂತ ಹೇಳಿಕೊಳ್ಳುವುದಕ್ಕೆ ಯಾವ ನಮೂನೆಯ ಅರ್ಜಿ ಹಾಕಬೇಕೋ ಅವನಿಗೆ ಗೊತ್ತಿರಲಿಲ್ಲ.

ಶನಿವಾರ ಕಾಗದ ಬಂತು. ಬೆಳ್ಳಮ್ಮ ಕಟ್ಟಾಯದ ಮೇಷ್ಟರ ಕೈಯಲ್ಲಿ ಬರೆಸಿದ್ದು. ಭಾನುವಾರ ಮಧ್ಯಾಹ್ನ ಅಪ್ಪ ಬರುತ್ತಾರೆ, ನಿಮ್ಮ ಕೈಯಾರೆ ಮುದ್ದೆ ಎಸರು ಮಾಡಿ ಅವರಿಗೆ ಇಕ್ಕಿ. ಗಂಟು ಸಿಗದೆ ಉಂಡು ಬಂದು ಅವರು ಹೂಂ ಅಂದರೆ ಮಾರನೆಯ ದಿನವೇ ನಾನಾಗಿ ಬಂದು, ಇನ್ನು ಬದುಕಿರುವವರೆಗೆ ಎದುರು ಮಾತಾಡುವುದಿಲ್ಲ. ಆಗಲಿಲ್ಲವೋ, ನೀವು ಇಲ್ಲಿಗೆ ಬಂದು, ಅಡುಗೆ ನನ್ನ ಕೈಲಾಗದು ಅಂತ ಅವ್ವನ ಮುಂದೆ ಒಪ್ಪಿಕೊಂಡು ಕರೆದುಕೊಂಡು ಹೋಗಿ. ಕಾಗದದ ಕೆಳಗೆ ಮಸಿಯ ಹೆಬ್ಬೆಟ್ಟು. ರಾಗಿ ಕುಯ್ಯುವಾಗ ಕುಡುಗೋಲು ತಾಗಿ ಆಗಿದ್ದ ಹಳೆಯ ಗಾಯ ಆ ಹೆಬ್ಬೆಟ್ಟಿನ ನಡುವೆ ಓರೆಯಾಗಿ ಬೆಳ್ಳಗೆ ಕಾಣುತ್ತಿತ್ತು.

ಮಾನವಂತನಾದವನು ಆಗಲೇ ಕಟ್ಟಾಯದ ಬಸ್ಸು ಹತ್ತಬೇಕಿತ್ತು. ಅತ್ತೆಯ ಮುಂದೆ ಒಂದು ಮಾತು ಅಂದರೆ ಸಂಜೆಗೆ ಹೆಂಡತಿ ಮನೆಯಲ್ಲಿ. ಆದರೆ ಅತ್ತೆಯ ಮುಂದೆ ಸೋಲುವುದೆಂದರೆ ಲಕ್ಕಯ್ಯನಿಗೆ ಹೊಸ ಮೇಜು ವಾಪಸು ಕೊಟ್ಟಂತೆ. ಅವನು ಅಂಗಡಿಗೆ ಹೋಗಿ ರಾಗಿಹಿಟ್ಟು, ಅವರೆಕಾಯಿ ತಂದ.

ಅವನಿದ್ದದ್ದು ನಾಲ್ಕು ಮನೆಗಳ ಒಂದು ವಠಾರದಲ್ಲಿ. ಮನೆಗಳ ನಡುವಿನ ಅಡ್ಡಗೋಡೆ ಸೂರನ್ನು ಮುಟ್ಟುತ್ತಿರಲಿಲ್ಲ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರು ಸೀನುತ್ತಿದ್ದರು. ಪಕ್ಕದ ಮನೆಯ ಹೊನ್ನಕ್ಕ ನಡುವಯಸ್ಸಿನವಳು. ಗೋಡೆಯಾಚೆಯಿಂದಲೇ ಎಲ್ಲರ ಮನೆಯ ಕ್ಷೇಮ ನೋಡಿಕೊಳ್ಳುತ್ತಿದ್ದಳು. ಬೆಳ್ಳಮ್ಮನ ಮೇಲೆ ಅವಳಿಗೆ ಸ್ವಂತ ತಂಗಿಯಷ್ಟು ಅಕ್ಕರೆ. ಎದುರು ಕೋಣೆಯಲ್ಲಿ ಪಾಲಾಕ್ಷ. ಲಕ್ಕಯ್ಯನದೇ ಕಚೇರಿಯವನು, ಮದುವೆಯಿಲ್ಲದವನು, ಕೋಣೆಯಲ್ಲಿ ಒಲೆಯೇ ಇಲ್ಲದವನು. ಅಡುಗೆಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಪಾಲಾಕ್ಷ ಪತ್ರಿಕೆಯೊಂದರಿಂದ ಕತ್ತರಿಸಿದ 'ಸುಲಭ ಪಾಕ' ಅನ್ನುವ ಚೂರು ಹಿಡಿದು ಬಂದ. ಅಡುಗೆ ಕೆಡುವುದು ಯೋಜನೆ ಇಲ್ಲದ್ದರಿಂದ ಅಂತ ಸಿದ್ಧಾಂತ ಹೇಳಿದ. ಇಬ್ಬರೂ ಕೂತು ಒಂದು ಪಟ್ಟಿ ಬರೆದರು. ಹತ್ತು ಗಂಟೆಗೆ ಬೆಂಕಿ, ಹತ್ತೂ ಐದಕ್ಕೆ ಕಾಳು, ಹತ್ತೂ ಇಪ್ಪತ್ತಕ್ಕೆ ಹಿಟ್ಟು, ಹತ್ತೂವರೆಗೆ ಅಡುಗೆ ಮುಕ್ತಾಯ. ಅದಕ್ಕೆ ಕಾರ್ಬನ್ ಇಟ್ಟು ಎರಡು ಪ್ರತಿ ತೆಗೆದು, ಒಂದನ್ನು ಒಲೆಯ ಮೇಲಿನ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಬೇಕೆಂದರು. ಮನೆಯಲ್ಲಿ ಅನ್ನವಿರಲಿಲ್ಲ. ಮೊಳೆ ಹೊಡೆದರು.

ಪತ್ರಿಕೆಯ ಚೂರಿನಲ್ಲಿ ಎಲ್ಲವೂ ಗ್ರಾಮಿನ ಲೆಕ್ಕ. ಕಿಲೋ, ಗ್ರಾಮು ಬಂದ ಹೊಸತು. ಬೆಳ್ಳಮ್ಮನ ಅಡುಗೆಮನೆಯಲ್ಲಿದ್ದದ್ದು ಒಂದು ಪಾವು, ಒಂದು ಚಟಾಕು. ಪಾವಿಗೆ ಎಷ್ಟು ಗ್ರಾಮು ಅಂತ ಇಬ್ಬರು ಗುಮಾಸ್ತರು ಕಾಲು ಗಂಟೆ ಗುಣಾಕಾರ ಮಾಡಿ ಎರಡು ಉತ್ತರ ತಂದರು. ಅಷ್ಟು ಹೊತ್ತಿಗೆ ಹತ್ತೂ ಇಪ್ಪತ್ತಾಗಿತ್ತು. ಬೆಂಕಿ ಇನ್ನೂ ಬೆಂಕಿಪೊಟ್ಟಣದಲ್ಲೇ ಇತ್ತು.

ಸೌದೆ ಹಸಿ. ಹೊಗೆ ಎದ್ದಿತೇ ಹೊರತು ಉರಿ ಏಳಲಿಲ್ಲ. ಪಾಲಾಕ್ಷ ಊದುಕೊಳವೆ ತೆಗೆದುಕೊಂಡು, ಊದುವ ಮೊದಲು ಉಸಿರು ಎಳೆದುಕೊಳ್ಳಬೇಕೆಂದು ಕೊಳವೆಯನ್ನು ಬಾಯಲ್ಲಿಟ್ಟುಕೊಂಡೇ ಎಳೆದುಕೊಂಡ. ಒಲೆಯ ಬೂದಿ ಅರ್ಧ ಅವನ ಗಂಟಲಿಗೆ ಹೋಯಿತು. ಕಣ್ಣಲ್ಲಿ ನೀರು ಸುರಿಸಿಕೊಂಡು ಅವನು ಜಗಲಿಗೆ ಓಡಿದ. ಹೊಗೆ ಗೋಡೆ ಹತ್ತಿ ಆಚೆಗೆ ಇಳಿಯಿತು. ಆಚೆ ಯಾರೋ ಕೆಮ್ಮಿದರು. ಒಬ್ಬರಲ್ಲ, ಇಬ್ಬರು ಕೆಮ್ಮಿದಂತಾಯಿತು. ಲಕ್ಕಯ್ಯನಿಗೆ ಆಗ ಕೆಮ್ಮು ಎಣಿಸುವಷ್ಟು ಬಿಡುವಿರಲಿಲ್ಲ.

"ಏನಪ್ಪಾ ಲಕ್ಕಯ್ಯ, ಅಡ್ಗೆ ಮಾಡ್ತಿದ್ದೀಯೋ, ಇಲಿ ಓಡುಸ್ತಿದ್ದೀಯೋ?" ಅಂತ ಹೊನ್ನಕ್ಕ ಗೋಡೆಯಾಚೆಯಿಂದ ಕೇಳಿದಳು.

ಲಕ್ಕಯ್ಯ ತಾನು ಮಾವನಿಗೆ ಅಡುಗೆ ಮಾಡುತ್ತಿರುವುದಾಗಿಯೂ, ಅರ್ಧ ಗಂಟೆಯಲ್ಲಿ ಮುಗಿಯುವುದಾಗಿಯೂ ತಿಳಿಸಿದ. ಅರ್ಧ ಗಂಟೆಯಲ್ಲಿ ಆಗುವುದು ಗಂಟು ಒಂದೇ ಕಣಪ್ಪ ಅಂತ ಹೊನ್ನಕ್ಕ ಹೇಳಿ, ಒಣ ಸೌದೆ ಅಟ್ಟದ ಮೇಲಿದೆ, ಬೆಳ್ಳಮ್ಮ ಅಲ್ಲೇ ಜೋಡಿಸಿಟ್ಟಿದ್ದಾಳೆ ನೋಡು ಅಂದಳು. ತನ್ನ ಮನೆಯ ಅಟ್ಟದಲ್ಲಿ ಏನಿದೆ ಅಂತ ಪಕ್ಕದ ಮನೆಯವಳಿಂದ ತಿಳಿದುಕೊಂಡು ಲಕ್ಕಯ್ಯ ಏಣಿ ಹತ್ತಿದ.

ಇನ್ನು ಅವರೆಕಾಯಿ. ಕಾಯಿ ತಂದರೆ ಕಾಳು ತಂದಂತೆ ಅಂದುಕೊಂಡಿದ್ದ ಅವನು. ಒಂದೊಂದೇ ಸಿಪ್ಪೆ ಬಿಡಿಸುತ್ತಾ, ನಡುನಡುವೆ ಹೊರಗೆ ಬರುವ ಹಸಿರು ಹುಳುವನ್ನು ಕಂಡು ಬೆಚ್ಚುತ್ತಾ ಕೂತ. ಒಂದು ಮೊರ ಕಾಯಿಯಿಂದ ಒಂದು ಬೊಗಸೆ ಕಾಳು ಬರುವ ಹೊತ್ತಿಗೆ ಗೋಡೆಯ ಮೇಲಿನ ಪಟ್ಟಿಯ ಪ್ರಕಾರ ಅಡುಗೆ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಇಷ್ಟೊಂದು ಕಾಯಿಯನ್ನು ಬೆಳ್ಳಮ್ಮ ದಿನಾ ಯಾವಾಗ ಬಿಡಿಸುತ್ತಿದ್ದಳು ಅನ್ನುವ ಪ್ರಶ್ನೆ ಅವನ ತಲೆಗೆ ಬಂತು. ಅಂಥ ಪ್ರಶ್ನೆಗಳು ಬಂದಾಗ ಅವನು ಕಚೇರಿಯಲ್ಲಿ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಪಕ್ಕಕ್ಕಿಟ್ಟ.

ಆದರೆ ದೇವರು ದೊಡ್ಡವನು. ಕಾಳು ಬೆಂದಿತು. ಬೆಳ್ಳಮ್ಮ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದ ಖಾರದಪುಡಿ ಹಾಕಿ, ಹೊನ್ನಕ್ಕ ಗೋಡೆಯಾಚೆಯಿಂದ ಹೇಳಿದಷ್ಟು ಉಪ್ಪು, ಹುಣಸೆಹುಳಿ ಬಿಟ್ಟ. ಮಡಕೆಯಲ್ಲಿ ಎಸರು ಕುದಿಯತೊಡಗಿತು. ಘಮ್ಮೆಂದಿತು. ಲಕ್ಕಯ್ಯ ಸೌಟಿನಲ್ಲಿ ಒಂದು ತೊಟ್ಟು ಅಂಗೈಗೆ ಬಿಟ್ಟು ನೆಕ್ಕಿದ. ಅವನ ಎದೆ ಉಬ್ಬಿತು. ಪಾಲಾಕ್ಷನೂ ನೆಕ್ಕಿ, ಇದು ಯೋಜನೆಯ ಫಲ ಅಂದ. ಹೆಂಡತಿ ಸೋಮವಾರ ಬಂದಿಳಿದಾಗ ಯಾವ ಮುಖದಲ್ಲಿ ನಿಲ್ಲಬೇಕು, ಸ್ವಲ್ಪ ನಗಬೇಕೋ ಬೇಡವೋ ಅನ್ನುವುದನ್ನೂ ಲಕ್ಕಯ್ಯ ಆಗಲೇ ತೀರ್ಮಾನಿಸಿಬಿಟ್ಟ.

ಉಳಿದದ್ದು ಮುದ್ದೆ. ಅದನ್ನೂ ಹೊನ್ನಕ್ಕನನ್ನೇ ಕೇಳಿದ.

"ಎಸ್ರು ಮಳ್ತಾ ಐತಾ?" ಅಂದಳು ಹೊನ್ನಕ್ಕ.

"ಮರಳ್ತಾ ಇದೆ ಅಕ್ಕ. ಘಮಘಮ ಅಂತಿದೆ."

ಆಚೆ ಯಾರೋ ಕಿಸಕ್ಕೆಂದಂತಾಯಿತು. ಆಮೇಲೆ ಹೊನ್ನಕ್ಕ, "ಅದ್ಯಾಕೆ ಘಮಘಮ ಅಂತೈತೋ. ಓಗ್ಲಿ, ಎಸ್ರು ಚೆಂದಾಗಿ ಮಳ್ಳಲಿ. ಆಮೇಲೆ ಹಿಟ್ಟು ಸುರಿ. ಕೈಯಾಡುಸ್ಬೇಡ. ನಡೂಕೆ ಕೋಲು ನೆಟ್ಟು ಬೇಯಾಕೆ ಬುಡು," ಅಂದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಮುದ್ದೆ ಅದ್ದಿಕೊಂಡು ಉಣ್ಣುವ ಸಾರಿಗೂ ಎಸರು ಅನ್ನುತ್ತಾರೆ. ಹಿಟ್ಟು ಹಾಕಲೆಂದು ಒಲೆಯ ಮೇಲೆ ಕುದಿಯಲಿಡುವ ಬರೀ ನೀರಿಗೂ ಎಸರು ಅನ್ನುತ್ತಾರೆ. ಒಲೆಯ ಮುಂದೆ ಕೂತವರಿಗೆ ಎರಡೂ ಗೊತ್ತು. ತಟ್ಟೆಯ ಮುಂದೆ ಕೂತವರಿಗೆ ಒಂದೇ ಗೊತ್ತು. ಲಕ್ಕಯ್ಯ ಹುಟ್ಟಿದಾರಭ್ಯ ತಟ್ಟೆಯ ಮುಂದೆ ಕೂತವನು.

ಅವನು ಮಡಕೆಯ ಮುಚ್ಚಳ ತೆಗೆದು, ಘಮಘಮಿಸುತ್ತಿದ್ದ ಅವರೆಕಾಳಿನ ಎಸರಿಗೆ ಎರಡು ಪಾವು ರಾಗಿಹಿಟ್ಟು ಸುರಿದ. ನಡುವೆ ಮುದ್ದೆ ಕೋಲು ನೆಟ್ಟ. ಮುಚ್ಚಿದ. ಹೊನ್ನಕ್ಕ ಹೇಳಿದಂತೆ ಬೇಯಲು ಬಿಟ್ಟ.

ಕಾಲು ಗಂಟೆಯ ಮೇಲೆ ತೆಗೆದು ನೋಡಿದರೆ ಒಳಗೆ ಎಸರೂ ಇಲ್ಲ, ಮುದ್ದೆಯೂ ಇಲ್ಲ. ಮಳೆಗಾಲದಲ್ಲಿ ಎತ್ತಿನ ಗಾಡಿ ಹೂತುಹೋದ ಜಾಗದ ಹಾಗೆ ಏನೋ ಒಂದು ಇತ್ತು. ಅಲ್ಲಲ್ಲಿ ಅವರೆಕಾಳು ತಲೆ ಎತ್ತಿ ನೋಡುತ್ತಿತ್ತು. ಲಕ್ಕಯ್ಯ ತಿರುವಲೆಂದು ಕೋಲು ಹಿಡಿದ. ಕೋಲು ಅಲ್ಲಾಡಲಿಲ್ಲ. ಮೇಲಕ್ಕೆಳೆದ. ಕೋಲಿನ ಜೊತೆ ಮಡಕೆಯೂ ಎದ್ದು ಬಂತು. ಪಾಲಾಕ್ಷ ಮಡಕೆಯನ್ನು ತಬ್ಬಿ ಹಿಡಿದ. ಬಿಸಿ ತಾಗಿ ಬಿಟ್ಟುಬಿಟ್ಟ. ನೀರು ಹಾಕಿದರೆ ಸರಿಹೋಗುತ್ತದೆ ಅಂತ ಅವನೇ ಒಂದು ಚೊಂಬು ನೀರು ಹಾಕಿದ. ನೀರು ಮೇಲೆ ನಿಂತಿತು, ಕೆಳಗಿನದು ಕೆಳಗೇ ಇತ್ತು. ಪತ್ರಿಕೆಯ ಚೂರು ತಿರುವಿ ನೋಡಿದರು. ಅದರ ಹಿಂಬದಿಯಲ್ಲಿ ಮಂಡಿನೋವಿನ ತೈಲದ ಜಾಹೀರಾತಿತ್ತು.

ಗಡಿಯಾರ ನೋಡಿದರೆ ಹನ್ನೆರಡು. ಮಾವ ಬರುವುದು ಒಂದಕ್ಕೆ. ಡಬ್ಬಿಯಲ್ಲಿ ಹಿಟ್ಟಿಲ್ಲ, ಮೊರದಲ್ಲಿ ಕಾಳಿಲ್ಲ. ಮಡಕೆಯನ್ನು ಕೋಲಿನ ಸಮೇತ ಬಚ್ಚಲಲ್ಲಿ ಬಚ್ಚಿಟ್ಟು, ಲಕ್ಕಯ್ಯ ಹಿತ್ತಲ ಕಡೆಯಿಂದ ಹೊನ್ನಕ್ಕನ ಬಾಗಿಲಿಗೆ ಹೋದ.

ಹೊನ್ನಕ್ಕ ಬಾಗಿಲು ಪೂರ್ತಿ ತೆಗೆಯಲಿಲ್ಲ. ಸಂದಿಯನ್ನೆಲ್ಲ ತಾನೇ ತುಂಬಿಕೊಂಡು ನಿಂತಳು. ಬೇರೆ ದಿನವಾಗಿದ್ದರೆ ಒಳಗೆ ಬಾ ಅನ್ನುತ್ತಿದ್ದವಳು ಈಗ ಅನ್ನಲಿಲ್ಲ. ಲಕ್ಕಯ್ಯನಿಗೆ ಅದೂ ಹೊಳೆಯಲಿಲ್ಲ.

"ಒನ್ನಕ್ಕಾ, ಮಾನ ಓಯ್ತದೆ. ಎಂಗಾದ್ರೂ ಮಾಡಿ ಎರಡು ಮುದ್ದೆ, ಒಂದೀಟು ಎಸ್ರು ಕೊಡು," ಅಂದ. ಹಕಾರ ಒಂದೂ ಉಳಿದಿರಲಿಲ್ಲ.

ಹೊನ್ನಕ್ಕ ಹಿಂದಕ್ಕೆ ತಿರುಗಿ ಯಾರನ್ನೋ ನೋಡಿದ ಹಾಗೆ ನೋಡಿದಳು. ಆಮೇಲೆ ಅರ್ಧ ತಾಸು ಬಿಟ್ಟು ಬಾ, ಕೊಡುತ್ತೇನೆ ಅಂದಳು. ಅವನು ಹೊರಟಾಗ ಕರೆದು, "ಒಂದ್ ಮಾತು ಕಣಪ್ಪ. ನಿಮ್ ಮಾವ ಯಾರ್ ಮಾಡಿದ್ದು ಅಂತ ಕೇಳುದ್ರೆ, ನಾನು ಅನ್ಬೇಡ. ಒನ್ನಕ್ಕ ಕೊಟ್ಲು ಅನ್ನು. ಅಷ್ಟು ಅಂದ್ಬುಡು, ನಿಂಗೆ ಒಳ್ಳೇದಾಯ್ತದೆ," ಅಂದಳು. ಲಕ್ಕಯ್ಯ ಆಗಲಿ ಆಗಲಿ ಅಂದ. ಆ ಹೊತ್ತಿನಲ್ಲಿ ಅವಳು ಏನು ಕೇಳಿದ್ದರೂ ಆಗಲಿ ಅನ್ನುತ್ತಿದ್ದ.

ಹೇಳಿದ ಹೊತ್ತಿಗೆ ಬಾಗಿಲ ಸಂದಿಯಿಂದ ಒಂದು ಬೋಗುಣಿ ಎಸರು, ಬಾಳೆಲೆ ಮುಚ್ಚಿದ ಒಂದು ತಟ್ಟೆ ಹೊರಗೆ ಬಂದವು. ಮನೆಗೆ ತಂದು ಎಲೆ ಸರಿಸಿದರೆ ಎರಡು ಮುದ್ದೆ, ಎಣ್ಣೆ ಸವರಿದ ಹಾಗೆ ಮಿರಿಮಿರಿ ಅನ್ನುತ್ತಿದ್ದವು. ನೆತ್ತಿಯ ಮೇಲೆ ಒಂದೊಂದು ಗುಳಿ. ಹೊನ್ನಕ್ಕನಿಗೂ ಇದೇ ಚಟ, ಹೆಂಗಸರೆಲ್ಲ ಒಂದೇ ಅಂತ ಲಕ್ಕಯ್ಯ ಪಾಲಾಕ್ಷನಿಗೆ ಹೇಳಿದ. ಗಂಡಾಂತರ ಕಳೆಯಿತಲ್ಲ, ಹಕಾರಗಳು ಒಂದೊಂದಾಗಿ ವಾಪಸು ಬರುತ್ತಿದ್ದವು. ಇನ್ನೇನು ಇವೆರಡನ್ನು ಮಾವನ ಹೊಟ್ಟೆಗೆ ದಾಟಿಸಿದರೆ ಬೆಳ್ಳಮ್ಮ ಮನೆಗೆ ಬಂದಂತೆ.

ಮಾವ ದ್ಯಾವಯ್ಯ ಸರಿಯಾಗಿ ಒಂದು ಗಂಟೆಗೆ ಬಂದ. ಅಡ್ಡಪಂಚೆ, ಹೆಗಲ ಮೇಲೊಂದು ಕಂಬಳಿ. ಮಾತು ಕಡಿಮೆ. ಮುದ್ದೆ ನುಂಗುವುದರಲ್ಲಿ ಕಟ್ಟಾಯದ ಸುತ್ತಮುತ್ತ ಹೆಸರು ಪಡೆದವನು. ಗಂಟಲಿನಿಂದ ಇಳಿಯುವಾಗಲೇ ರಾಗಿ ಯಾವ ಹೊಲದ್ದು ಅಂತ ಹೇಳಬಲ್ಲ ಅನ್ನುತ್ತಿದ್ದರು. ಬೆಳಿಗ್ಗೆಯೇ ಬಂದೆ, ಪೇಟೆಯಲ್ಲಿ ವಸಿ ಕೆಲಸವಿತ್ತು ಅಂದ. ಕೈಕಾಲು ತೊಳೆಯಲು ಬಚ್ಚಲ ಕಡೆ ಹೊರಟವನನ್ನು ಲಕ್ಕಯ್ಯ ಅಡ್ಡಗಟ್ಟಿ, ಜಗಲಿಯಲ್ಲೇ ನೀರು ಕೊಟ್ಟ.

ದ್ಯಾವಯ್ಯ ತಟ್ಟೆಯ ಮುಂದೆ ಕೂತ. ಲಕ್ಕಯ್ಯ ಮೊದಲ ಮುದ್ದೆಯ ಗುಳಿಗೆ ಮನೆಯಲ್ಲಿದ್ದ ತುಪ್ಪವನ್ನೆಲ್ಲ ಬಿಟ್ಟ. ದ್ಯಾವಯ್ಯ ಒಂದು ತುತ್ತು ಮುರಿದ, ಎಸರಿಗೆ ಅದ್ದಿದ, ಇಳಿಸಿದ. ಕಣ್ಣು ಅರ್ಧ ಮುಚ್ಚಿದ. ಎರಡನೆಯದು ಇಳಿಸಿದ. ಹಾಗೆಯೇ ಇಡೀ ಮುದ್ದೆ ಇಳಿಸಿದ. ಲಕ್ಕಯ್ಯನಿಗೆ ಪರೀಕ್ಷೆಯ ಫಲಿತಾಂಶ ಕಾದಂತಾಯಿತು.

"ಚೆಂದಾಗೈತೆ," ಅಂದ ಕಡೆಗೆ. "ಯಾರ್ ಕೈದು ಅಳಿಯಂದ್ರೆ?"

ಹೊನ್ನಕ್ಕನ ಮಾತು ನೆನಪಾಯಿತು. ಬಾಯಿ ತೆರೆದದ್ದೂ ಆಯಿತು. ಆದರೆ ಎದುರಿಗೆ ಪಾಲಾಕ್ಷ ಕೂತಿದ್ದ, ಸೋಮವಾರ ಕಚೇರಿ ಇತ್ತು. "ನನ್ನ ಕೈಯದೇ ಮಾವ," ಅಂದ ಲಕ್ಕಯ್ಯ. ನನ್ನ ಕಣ್ಣ ಮುಂದೆಯೇ ಮಾಡಿದ ಅಂತ ಪಾಲಾಕ್ಷ ಸಾಕ್ಷಿ ನುಡಿದ. ಅಡ್ಡಗೋಡೆಯಾಚೆ ಯಾರೋ ಪಾತ್ರೆಯೊಂದನ್ನು ನೆಲಕ್ಕೆ ಇಟ್ಟರು. ಸ್ವಲ್ಪ ಜೋರಾಗಿಯೇ ಇಟ್ಟರು.

ದ್ಯಾವಯ್ಯ ಗೋಡೆಯ ಕಡೆ ನೋಡಿ, ಅಳಿಯನ ಕಡೆ ನೋಡಿದ. "ನಮ್ ಬೆಳ್ಳಮ್ಮನ ಕೈ ಇದ್ದಂಗೇ ಐತಲ್ಲ," ಅಂದ. ಅದು ಎರಡನೆಯ ಸಲ ಬಾಗಿಲು ತೆರೆದದ್ದು. ಬುದ್ಧಿ ಇದ್ದವನು ನುಗ್ಗಬೇಕಿತ್ತು.

ಲಕ್ಕಯ್ಯನಿಗೆ ಬುದ್ಧಿಗಿಂತ ಧೈರ್ಯ ಹೆಚ್ಚಾಗಿತ್ತು. "ಎಲ್ಲಿ ಬಂತು ಮಾವ? ಅವಳದಕ್ಕೆ ಇಷ್ಟು ನಯ ಎಲ್ಲಿರುತ್ತೆ. ಮುರಿದರೆ ಗಂಟು. ಎಸರಿಗೆ ಹುಳಿ ಮುಂದು, ಉಪ್ಪು ಹಿಂದು. ನಾನೂ ಇಷ್ಟು ದಿನ ಹೇಳದೆ ನುಂಗಿಕೊಂಡು ಬಂದೆ. ಹೋಗಲಿ ಬಿಡಿ, ಅವಳು ಬಂದ ಮೇಲೆ ನಾನೇ ಕೂರಿಸಿಕೊಂಡು ಕಲಿಸ್ತೀನಿ. ಅರ್ಧ ಗಂಟೆ ಕೆಲಸ," ಅಂದ.

ಗೋಡೆಯಾಚೆ ಏನನ್ನೋ ನೆಲದ ಮೇಲೆ ಎಳೆದ ಸದ್ದಾಯಿತು.

ದ್ಯಾವಯ್ಯ ಎರಡನೆಯ ಮುದ್ದೆ ಹಾಕಿಸಿಕೊಂಡ. ಇದಕ್ಕೆ ತುಪ್ಪ ಉಳಿದಿರಲಿಲ್ಲ. ಅವನು ಮುರಿಯಲಿಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮ್ಮನೆ ನೋಡಿದ.

"ಅಲ್ಲ ಅಳಿಯಂದ್ರೆ, ಕಚೇರೀಲಿ ಎಬ್ಬೆಟ್ಟು ಒತ್ತುಸ್ಕೊಳೋರು ನೀವೇ ತಾನೆ?"

ಹೌದು ಅಂದ ಲಕ್ಕಯ್ಯ. ಇದೇನು ಪ್ರಶ್ನೆ ಅಂತ ಅವನಿಗೆ ತಿಳಿಯಲಿಲ್ಲ. ಆದರೂ ಬಿಡದೆ, ಒಂದು ಸಲ ನೋಡಿದರೆ ಸಾಕು, ಯಾರದು ಅಂತ ಕಣ್ಣುಮುಚ್ಚಿ ಹೇಳುತ್ತೇನೆ ಅಂತಲೂ ಸೇರಿಸಿದ.

"ಕಣ್ ಮುಚ್ಚೋದು ಬ್ಯಾಡಿ. ಬುಟ್ಕೊಂಡೇ ಯೋಳಿ. ಇದ್ಯಾರ್ದು?" ಅಂತ ದ್ಯಾವಯ್ಯ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದ.

ಲಕ್ಕಯ್ಯ ಬಗ್ಗಿ ನೋಡಿದ. ಮುದ್ದೆಯ ನೆತ್ತಿಯ ಗುಳಿಯಲ್ಲಿ, ಮಸಿಯಿಲ್ಲದೆಯೂ ಅಚ್ಚೊತ್ತಿದಂತೆ, ಒಂದು ಓರೆ ಗೆರೆ ಎದ್ದು ನಿಂತಿತ್ತು. ನಿನ್ನೆ ಬಂದ ಕಾಗದದ ಕೆಳಗೆ ಇದ್ದದ್ದು ಅದೇ ಗೆರೆ. ಮದುವೆಯಾದ ವರ್ಷ, ರುಜು ಹಾಕುವುದನ್ನು ಕಲಿಸಿಕೊಡಿ ಅಂತ ಅವಳು ಕೇಳಿದಾಗ, ನಿನಗೆ ಹೆಬ್ಬೆಟ್ಟೇ ಸಾಕು ಬಿಡು ಅಂತ ತಾನೇ ಹಿಡಿದು ಒಂದು ಅರ್ಜಿಗೆ ಒತ್ತಿಸಿದ್ದ ಬೆರಳು ಅದು. ಪಾಲಾಕ್ಷ ಎದ್ದು, ಕೋಣೆಯಲ್ಲಿ ಹಾಲು ಉಕ್ಕುತ್ತಿದೆ ಅಂತ ಹೇಳಿ ಹೊರಟುಹೋದ. ಅವನ ಕೋಣೆಯಲ್ಲಿ ಒಲೆಯಿಲ್ಲ ಅಂತ ಆಗಲೇ ಹೇಳಿದ್ದೇನೆ.

ಗೋಡೆಯಾಚೆಯಿಂದ ಬೆಳ್ಳಮ್ಮನ ದನಿ ಬಂತು. "ಅಪ್ಪಾ, ಉಂಡಾಗಿದ್ರೆ ಏಳು. ಮೂರು ಗಂಟೆ ಬಸ್ಸು."

ದ್ಯಾವಯ್ಯ ನಿಧಾನವಾಗಿ ಎರಡನೆಯ ಮುದ್ದೆಯನ್ನೂ ಉಂಡು ಮುಗಿಸಿದ. ಮಗಳು ಮಾಡಿದ್ದನ್ನು ಬಿಡಬಾರದಲ್ಲ. ಕೈ ತೊಳೆದುಕೊಂಡು, ನಮ್ಮ ಹುಡುಗಿಗೆ ಓದು ಬರಾಕಿಲ್ಲ ಕಣಪ್ಪ, ಆದರೆ ರುಜು ಹಾಕದೆ ಏನನ್ನೂ ಕೊಡೋಳಲ್ಲ ಅಂದ. ಇಷ್ಟು ಹೊತ್ತು ಇದ್ದ ಬಹುವಚನ ಈಗ ಇರಲಿಲ್ಲ.

ಲಕ್ಕಯ್ಯ ಬರಿಗಾಲಲ್ಲೇ ಹೊರಗೆ ಓಡಿದ. ಹೊನ್ನಕ್ಕನ ಜಗಲಿಯ ಮೇಲೆ ಬೆಳ್ಳಮ್ಮ ನಿಂತಿದ್ದಳು. ಹೋಗುವಾಗ ಒಯ್ದಿದ್ದ ತಗಡಿನ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಅಪ್ಪನ ಜೊತೆ ಬಂದು ಹಿತ್ತಲ ಕಡೆಯಿಂದ ಇಲ್ಲಿ ಸೇರಿಕೊಂಡಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಹೊಗೆಯಿಂದ ಅಂತ ಅಂದುಕೊಳ್ಳುವಷ್ಟು ದಡ್ಡತನ ಈಗ ಲಕ್ಕಯ್ಯನಲ್ಲೂ ಉಳಿದಿರಲಿಲ್ಲ.

"ಒಗೆ ನೋಡಿ ಕರುಳು ಚುರುಕ್ ಅಂತು. ನೀವು ಎಂಗಾದ್ರೂ ಮಾಡಿರ್ಲಿ, ಸೀದೋಗಿರ್ಲಿ, ಒಳೀಕೆ ಬಂದ್ಬುಡಾನ ಅಂತ್ಲೇ ಪೆಟ್ಟಿಗೆ ತಂದಿದ್ದೆ. ಒನ್ನಕ್ಕ ಕೊಟ್ಲು ಅಂದಿದ್ರೆ ಸಾಕಾಗಿತ್ತು," ಅಂದಳು.

ಲಕ್ಕಯ್ಯ ತಪ್ಪಾಯ್ತು ಅಂದ. ಅವನ ಜನ್ಮದಲ್ಲಿ ಮೊದಲನೆಯ ಸಲ ಅಂದ. ಆದರೆ ಬೆಳಿಗ್ಗೆ ಹತ್ತಕ್ಕೆ ಆಗಬೇಕಾದ ಕೆಲಸ ಮಧ್ಯಾಹ್ನ ಎರಡಕ್ಕೆ ಆದರೆ ಅದನ್ನು ಯಾವ ಕಚೇರಿಯಲ್ಲೂ ದಾಖಲು ಮಾಡಿಕೊಳ್ಳುವುದಿಲ್ಲ.

"ತಪ್ಪು ಅಂತ ಬಾಯಲ್ಲಿ ಅನ್ಬೇಡಿ. ಬರೋ ಭಾನ್ವಾರ ಕಟ್ಟಾಯಕ್ಕೆ ಬನ್ನಿ. ಅವ್ವ, ದೊಡ್ಡವ್ವ, ಎಲ್ಲಾರ್ ಮುಂದೆ ನೀವೇ ಮುದ್ದೆ ಮಾಡಿ. ಮಾಡಿ ಎಬ್ಬೆಟ್ಟು ಒತ್ತಿ. ನಿಮ್ ರುಜು ನಂಗೆ ಓದಾಕೆ ಬರಾಕಿಲ್ಲ, ಎಬ್ಬೆಟ್ಟಾದ್ರೆ ಓದ್ತೀನಿ. ಆಮೇಲೆ ನೋಡಾನ," ಅಂದಳು ಬೆಳ್ಳಮ್ಮ.

ದ್ಯಾವಯ್ಯ ಪೆಟ್ಟಿಗೆಯನ್ನು ಹೆಗಲಿಗೆ ಎತ್ತಿಕೊಂಡ. ಅಪ್ಪ ಮಗಳು ಬಸ್ ನಿಲ್ದಾಣದ ಕಡೆ ನಡೆದರು. ಬೆಳ್ಳಮ್ಮ ತಿರುಗಿ ನೋಡಿದಳೋ ಇಲ್ಲವೋ ಲಕ್ಕಯ್ಯನಿಗೆ ಸರಿಯಾಗಿ ಕಾಣಿಸಲಿಲ್ಲ. ಅಷ್ಟು ಹೊತ್ತಿಗೆ ಅವನ ಕಣ್ಣಿಗೂ ಹೊಗೆ ಹೋಗಿತ್ತು.

ಒಳಗೆ ಬಂದರೆ ತಟ್ಟೆ ಖಾಲಿ. ಹೊನ್ನಕ್ಕ ಬೋಗುಣಿಯನ್ನು ವಾಪಸು ಒಯ್ದಿದ್ದಳು. ಬೆಳಿಗ್ಗೆಯಿಂದ ಒಂದು ತೊಟ್ಟು ಎಸರು ನೆಕ್ಕಿದ್ದು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅವನು ಬಚ್ಚಲಿಗೆ ಹೋಗಿ, ಕೋಲು ಹಿಡಿದು ಮಡಕೆಯನ್ನು ಎತ್ತಿಕೊಂಡು ಬಂದು ಒಲೆಯ ಮುಂದೆ ಕೂತ. ಬೆರಳಿನಲ್ಲಿ ಕೆರೆದು ಒಂದು ಚೂರು ಬಾಯಿಗಿಟ್ಟ. ಗೋಡೆಯ ಮೇಲೆ ಪಟ್ಟಿ ಮೊಳೆಯಲ್ಲಿ ಅಲ್ಲಾಡುತ್ತಿತ್ತು. ಹತ್ತೂವರೆಗೆ ಅಡುಗೆ ಮುಕ್ತಾಯ.

ಇನ್ನೊಂದು ಚೂರು ಕೆರೆದು ನುಂಗಿ, ಅವನು ಗೋಡೆಯ ಕಡೆ ತಿರುಗಿದ.

"ಒನ್ನಕ್ಕಾ," ಅಂತ ಕರೆದ. "ಎಸ್ರು ಮಳ್ಳಲಿ ಅಂದ್ಯಲ್ಲ, ಅದು ಯಾವ ಎಸ್ರು?"

ಆಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

"ವಸಿ ತಡಿಯಪ್ಪ, ಕೈಕೆಲ್ಸ ಮುಗೀಲಿ," ಅಂದಳು ಹೊನ್ನಕ್ಕ. "ಅರ್ಧ ಗಂಟೆ ಬುಟ್ಟು ಯೋಳ್ತೀನಿ."